ಮೂರು ಫೇಸಿನ ಕಾಫಿ ಮಷೀನೂ ನಮ್ಮ ಮಾಮಾನೂ

ನಮ್ಮ ಮಾಮಾ ಜೀವಮಾನದಲ್ಲಿ ಕಾಫಿ ಕುಡಿದವರಲ್ಲ. ಕಾಫಿಯ ವಾಸನೆ ಬಂದರೆ ಮೂಗಿಗೆ ಕರ್ಚೀಫು ಹಿಡಿಯುವವರು. ಅಂಥವರ ಕಾಂದಿವಲಿಯ ಪುಟ್ಟ ಮನೆಯಲ್ಲಿ, ಊಟದ ಟೇಬಲ್ಲಿನ ಮೇಲೆ, ಐದು ತಿಂಗಳು ಎಪ್ಪತ್ತು ಕಿಲೋ ತೂಕದ ಕಾಫಿ ಮಷೀನು ಕೂತಿತ್ತು ಅಂದರೆ ನಂಬುತ್ತೀರಾ? ನಂಬಲೇಬೇಕು. ಆ ಐದು ತಿಂಗಳು ಅಲ್ಲಿಗೆ ಹೋದ ನಾವೆಲ್ಲ ನೆಲದ ಮೇಲೆ ಕೂತು ಉಂಡು ಬಂದಿದ್ದೇವೆ.

ಮಾಮಾ ಅಂದರೆ ನನ್ನ ಅವ್ವನ ತಮ್ಮ. ವಿಜಯಪುರದ ಕಡೆಯಿಂದ ಮುಂಬಯಿಗೆ ಬಂದು, ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ವರ್ಕ್‌ಶಾಪಿನಲ್ಲಿ ಸುಟ್ಟುಹೋದ ಮೋಟಾರುಗಳಿಗೆ ಹೊಸ ತಾಮ್ರದ ತಂತಿ ಸುತ್ತುತ್ತ ತಲೆ ಬೆಳ್ಳಗೆ ಮಾಡಿಕೊಂಡವರು. ಎರಡು ವರ್ಷದ ಹಿಂದೆ ವರ್ಕ್‌ಶಾಪು ವಸಾಯಿಗೆ ಹೋಯಿತು. "ಅಷ್ಟು ದೂರ ಯಾರ್ ಹೋಗ್ತಾರ" ಅಂದು ಮಾಮಾ ಮನೆಯಲ್ಲಿ ಕೂತರು. ಕೂತರು ಅನ್ನುವುದು ಬರೀ ಮಾತಿಗೆ. ಅವರ ಕಿವಿ ಮಾತ್ರ ಡ್ಯೂಟಿ ಬಿಟ್ಟಿರಲಿಲ್ಲ.

ಒಮ್ಮೆ ಬಿಲ್ಡಿಂಗಿನ ಹಿರಿಯರೊಬ್ಬರು ತೀರಿಕೊಂಡರು. ಮಾತಾಡಿಸಿ ಬರಲು ಮಾಮಾ ಹೋದರು. ಹತ್ತು ನಿಮಿಷ ಒಂದು ಮಾತಿಲ್ಲ; ತಲೆ ಮೇಲೆತ್ತಿ ಸೂರನ್ನೇ ನೋಡುತ್ತ ಕೂತುಬಿಟ್ಟರು. ಎಂಥ ದುಃಖ ಪಾಪ ಅಂದುಕೊಂಡು ಮನೆಯವರೇ ಇವರಿಗೆ ನೀರು ಕೊಟ್ಟರು. ನೀರು ಕುಡಿದ ಮಾಮಾ ತೀರಿಕೊಂಡವರ ಮಗನ ಹೆಗಲ ಮೇಲೆ ಕೈಯಿಟ್ಟು ಮೆಲ್ಲಗೆ ಅಂದರಂತೆ: "ಫ್ಯಾನಿನ ಕೆಪ್ಯಾಸಿಟರ್ ಹೋಗೇದ." ಮರುದಿನ ಬೆಳಿಗ್ಗೆ ಕೆಪ್ಯಾಸಿಟರ್ ಸಮೇತ ಹಾಜರು.

ಇನ್ನೊಂದು ವಿಚಿತ್ರ ಕೇಳಿ. ಮಾಮಾ ಕನ್ನಡದಲ್ಲಿ ಮನುಷ್ಯರಿಗೆಲ್ಲ 'ನೀ' ಅನ್ನುತ್ತಾರೆ. ಮಷೀನಿಗೆ ಮಾತ್ರ 'ನೀವು'. ಮಿಕ್ಸರು ಕೆಟ್ಟರೆ ಅದರ ಮುಂದೆ ಕುಕ್ಕರಗಾಲಲ್ಲಿ ಕೂತು "ಯಾಕ್ರೀ, ಏನ್ ಆತು?" ಎಂದು ವಿಚಾರಿಸುತ್ತಾರೆ. ಮಾಮಿ ಅಡಿಗೆಮನೆಯಿಂದಲೇ ಅನ್ನುತ್ತಾರೆ, "ನನಗ ಮೂರು ದಿನ ಜ್ವರ ಬಂದಾಗ ಹಿಂಗ ಒಮ್ಮೆನೂ ಕೇಳಲಿಲ್ಲ."

ಕಾಫಿ ಮಷೀನು ಬಂದದ್ದರಲ್ಲಿ ನನ್ನ ತಪ್ಪೂ ಇದೆ. ಬಾಂದ್ರಾದ ನನ್ನ ಆಫೀಸಿನ ಕೆಳಗೆ ಒಂದು ಸಣ್ಣ ಕೆಫೆ ಇತ್ತು. ನಡೆಸುತ್ತಿದ್ದವಳು ಮೂವತ್ತರ ಹುಡುಗಿ. ಅಮ್ಮ ಬೆಳಗಾವಿಯವರಾದ್ದರಿಂದ ಕನ್ನಡ ತಿಳಿಯುತ್ತಿತ್ತು, ಮಾತು ಮಾತ್ರ ತಡವರಿಸಿ ಬರುತ್ತಿತ್ತು. ಜಾಗದ ಮಾಲೀಕರು ಬಿಡಿ ಅಂದರು, ಅವಳು ಕೆಫೆ ಮುಚ್ಚಬೇಕಾಯಿತು. ಎಕ್ಸಾಸ್ಟ್ ಫ್ಯಾನು ಬಿಚ್ಚಿಕೊಡಲು ಜನ ಬೇಕು ಅಂದಳು. ನಾನು ಮಾಮಾನನ್ನು ಕರೆದುಕೊಂಡು ಹೋದೆ. ಮಾಮಾ ಫ್ಯಾನಿನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಕೌಂಟರಿನ ಮೇಲಿದ್ದ ಮಷೀನಿನ ಎದುರು ನಿಂತುಬಿಟ್ಟರು.

"ಇವರು ಎಲ್ಲಿಗೆ ಹೋಗ್ತಾರ?"

"ಭಂಗಾರ್‌ಗೆ, ಅಂಕಲ್, ಗುಜರಿಗೆ," ಅಂದಳು ಹುಡುಗಿ. "ಮಮ್ಮಿ ಮನೆ ಪಾರ್ಲೆನಲ್ಲಿದೆ. ಕೆಳಗಿನ ರೂಮ್‌ನಲ್ಲಿ ಚಿಕ್ಕ ಕೌಂಟರ್ ಹಾಕೋಣ ಅಂತಿದ್ದೆ. ಆದರೆ ಇದಕ್ಕೆ ಥ್ರೀ ಫೇಸ್ ಬೇಕು. ಮನೆ ಕರೆಂಟಲ್ಲಿ ಓಡಲ್ಲ. ಹೊಸದು ತಗೊಳ್ಳೋದು ಆಗಲ್ಲ." ಅಷ್ಟು ಹೇಳುವಷ್ಟರಲ್ಲಿ ಅವಳ ಕಣ್ಣು ತುಂಬಿತು. ಬೇಕಂತಲೇ ಕಾಫಿ ಕಪ್ಪೊಂದನ್ನು ಒರೆಸತೊಡಗಿದಳು.

"ಮನಿ ಕರೆಂಟಿನ ಮ್ಯಾಲೆ ನಾ ಓಡಿಸ್ತೀನಿ," ಅಂದರು ಮಾಮಾ. "ಓಡಿದ್ರ ನೀ ಒಯ್ಯಿ. ಓಡಲಿಲ್ಲಂದ್ರ ಭಂಗಾರ್ ಎಲ್ಲೂ ಓಡಿ ಹೋಗೂದಿಲ್ಲ."

ಟೆಂಪೋದಲ್ಲಿ ಮಷೀನು ಕಾಂದಿವಲಿಗೆ ಬಂತು. ಲಿಫ್ಟು ಒಲ್ಲೆನೆಂದಿತು. ನಾಲ್ಕು ಜನ ಮೂರು ಮಹಡಿ ಹತ್ತಿಸಿದರು. ಬಾಗಿಲು ತೆರೆದ ಮಾಮಿ ಮಷೀನು ನೋಡಿದರು, ಗಂಡನ್ನ ನೋಡಿದರು, ಕೊನೆಗೆ ನನ್ನ ನೋಡಿದರು. ಮೂರರಲ್ಲಿ ನಾನೇ ಸಣ್ಣವಳು, ಬೈಗುಳ ನನಗೇ ಬಂತು.

ಸಂಜೆಯೊಳಗೆ ಸೊಸೈಟಿಯ ಸೆಕ್ರೆಟರಿ ಬಂದರು. ವಾಸದ ಮನೆಯಲ್ಲಿ ಧಂದೆ ನಡೆಸುವ ಹಾಗಿಲ್ಲ, ಮಷೀನು ಓಡಿಸಿದರೆ ನೋಟಿಸ್ ಕೊಡಬೇಕಾಗುತ್ತದೆ ಎಂದು ಹಿಂದಿಯಲ್ಲಿ ಖಡಕ್ಕಾಗಿ ಹೇಳಿದರು. ಮಾಮಾ ಕೈಮುಗಿದು ಅಷ್ಟೇ ಖಡಕ್ ಹಿಂದಿಯಲ್ಲಿ ಅಂದರು: "ಸಾಹೇಬ್, ಇದು ಓಡಿದ ದಿನ ಮೊದಲು ನಿಮಗೇ ಹೇಳಿ ಕಳಿಸ್ತೀನಿ. ನೋಟಿಸಿನ ಜೊತೆ ಪೇಢೆನೂ ತನ್ನಿ."

ಆಮೇಲೆ ಶುರುವಾಯಿತು ಆಪರೇಷನ್. ಮಷೀನಿನ ಹೊಟ್ಟೆಯೊಳಗೆ ನೀರು ಕಾಯುವ ದೊಡ್ಡ ತಾಮ್ರದ ಬಾಯ್ಲರ್. ಅದರ ಒಳಗೋಡೆಗೆ ವರ್ಷಗಟ್ಟಲೆ ನೀರಿನ ಸುಣ್ಣ ಕಟ್ಟಿ ಕಲ್ಲಾಗಿತ್ತು. ಮಾಮಿ ಇಣುಕಿ ನೋಡಿ, "ಇದರ ಹೊಟ್ಟ್ಯಾಗ ಒಂದು ಮನಿಗೆ ಬಳಿಯುವಷ್ಟು ಸುಣ್ಣ ಅದ," ಅಂದರು. ಸುಣ್ಣ ಕರಗಲೆಂದು ಅಡಿಗೆಗೆ ತಂದಿಟ್ಟ ನಿಂಬೆ ಉಪ್ಪಿನ ಪುಡಿಯನ್ನು ಅವರೇ ಬಿಸಿನೀರಿಗೆ ಸುರಿದರು. ಮೂರು ದಿನ ಬಾತ್‌ರೂಮಿನ ಬಕೆಟ್ಟುಗಳಲ್ಲಿ ಮಷೀನಿನ ಭಾಗಗಳೇ ಸ್ನಾನ ಮಾಡಿದವು. ಮನೆಯವರು ಚೊಂಬಿನಲ್ಲಿ ಮುಗಿಸಿಕೊಂಡರು.

ಮೊದಲ ಸಲ ಕರೆಂಟು ಕೊಟ್ಟದ್ದು ಒಂದು ಭಾನುವಾರ ಮಧ್ಯಾಹ್ನ. ಟಪ್ ಅಂತು. ಫ್ಯಾನು ನಿಂತಿತು, ಟೀವಿ ಆರಿತು. ಮಾಮಿಯ ಸೀರಿಯಲ್ಲಿನ ಸೊಸೆ ಬಾಯಿ ತೆರೆದಿದ್ದಳು, ಏನು ಹೇಳಬೇಕೆಂದಿದ್ದಳೋ ಇವತ್ತಿಗೂ ನಮಗೆ ಗೊತ್ತಿಲ್ಲ. ಬೆವರು ಒರೆಸಿಕೊಳ್ಳುತ್ತ ಮಾಮಾ ಸಂತೋಷದಿಂದ ಅಂದರು, "ನೋಡಿದ್ಯಾ, ಎಷ್ಟು ಲಗೂನ ಟ್ರಿಪ್ ಆತು. ಕರೆಂಟ್ ಸೋರಿದ್ರ ಆರ್ಲಿ ಅಂತ ನಾ ಹಾಕಿದ ಸ್ವಿಚ್ ಛಲೋ ಅದ." ನೀರು ಕಾಯಿಸುವ ಎಲಿಮೆಂಟಿನೊಳಗೆ ತೇವ ಹಿಡಿದಿತ್ತು. ಅದನ್ನು ಬಿಚ್ಚಿ ಮೂರು ಮಧ್ಯಾಹ್ನ ಟೆರೇಸಿನಲ್ಲಿ ಮಾಮಿಯ ಸಂಡಿಗೆಯ ಪಕ್ಕ ಒಣಗಿಸಿದರು.

ತೇವ ಹೋಯಿತು, ಆದರೆ ದೊಡ್ಡ ಕೆಲಸ ಉಳಿದೇ ಇತ್ತು. ಎಲಿಮೆಂಟಿನಲ್ಲಿ ಮೂರು ಸುರುಳಿ, ಒಂದೊಂದಕ್ಕೆ ಒಂದೊಂದು ಫೇಸ್. ಮೂರನ್ನೂ ಮನೆಯ ಒಂದೇ ಲೈನಿಗೆ ಕೊಟ್ಟರೆ ಲೈನು ತಾಳುವುದಿಲ್ಲ. ಒಂದನ್ನು ಬಿಟ್ಟು, ಎರಡನ್ನು ಒಂದೇ ಲೈನಿಗೆ ಜೋಡಿಸುವುದು ಮಾಮಾನ ಲೆಕ್ಕ. ಕಾಯಲು ಹೊತ್ತು ಹಿಡಿಯುತ್ತದೆ, ಆದರೆ ಕಾಯುತ್ತದೆ. ಮೀಟರಿನಿಂದ ಬೇರೆಯೇ ದಪ್ಪ ವೈರು ಎಳೆಸಿದರು. ಒಳಗಿನ ಹಳೇ ವೈರೆಲ್ಲ ಕಿತ್ತು, ಹೊಸ ವೈರು ಕೂಡಿಸುವ ದಿನ ನಾನು ಟಾರ್ಚು ಹಿಡಿದು ನಿಂತಿದ್ದೆ.

ಮಾಮಾ ಸಣ್ಣ ಸ್ಕ್ರೂ ಒಂದನ್ನು ಹಿಡಿದು ಕೈ ಒಳಗೆ ಹಾಕಿದರು. ಸ್ಕ್ರೂ ಬಿತ್ತು. "ಇದರ ಹಲ್ಲು ಸವದಾವ," ಅಂದರು. ಇನ್ನೊಂದು ತೆಗೆದುಕೊಂಡರು. ಅದೂ ಬಿತ್ತು. "ಟಾರ್ಚು ನೆಟ್ಟಗ ಹಿಡಿ." ನಾನು ನೆಟ್ಟಗೇ ಹಿಡಿದಿದ್ದೆ. ಆ ಬೆಳಕಿನಲ್ಲೇ ಕಂಡಿತು: ಅವರ ಬಲಗೈ ನಡುಗುತ್ತಿತ್ತು. ಸ್ವಲ್ಪವಲ್ಲ. ಬೆರಳ ತುದಿಯಲ್ಲಿದ್ದ ಮೂರನೇ ಸ್ಕ್ರೂ ತಾನಾಗಿಯೇ ಕುಣಿಯುತ್ತಿತ್ತು. ವರ್ಕ್‌ಶಾಪು ಬಿಟ್ಟದ್ದು ವಸಾಯಿ ದೂರವಾಯಿತೆಂದಲ್ಲ ಅಂತ ನನಗೆ ಆಗ ತಿಳಿಯಿತು.

ಅಡಿಗೆಮನೆಯಿಂದ ಮಾಮಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದರು. "ಆ ಕಡೆ ಸರೀರಿ. ನಿಮ್ಮ ನೆರಳು ಬೀಳ್ತದ, ಏನೂ ಕಾಣವಲ್ದು," ಅಂದು ಸ್ಕ್ರೂಡ್ರೈವರ್ ತೆಗೆದುಕೊಂಡರು. ಇಪ್ಪತ್ತು ವರ್ಷ ಬಿಲ್ಡಿಂಗಿನ ಹೆಂಗಸರ ಸೀರೆಗಳಿಗೆ ಫಾಲ್ ಹಚ್ಚಿದ ಬೆರಳುಗಳು ಅವು. ಸ್ಕ್ರೂ ಒಮ್ಮೆಗೇ ತನ್ನ ಜಾಗದಲ್ಲಿ ಕೂತಿತು.

ಮಾಮಾ ಸ್ಟೂಲು ಎಳೆದುಕೊಂಡು ಮಾಮಿಯ ಪಕ್ಕ ಕೂತು, "ಇನ್ನೊಂದು ಸುತ್ತು. ಸಾಕು. ಈಗ ಕಪ್ಪು ವೈರು," ಎಂದು ಹೇಳತೊಡಗಿದರು. ಅಲ್ಲಿಂದ ಒಂದು ತಿಂಗಳು ಹೀಗೇ ನಡೆಯಿತು. ಹೇಳುವವರು ಮಾಮಾ, ಮಾಡುವವರು ಮಾಮಿ. ವಾಷರು ಬದಲಾದವು, ಉಗಿಯ ಸೇಫ್ಟಿ ವಾಲ್ವು ಹೊಸದು ಬಂತು. ನಡುವೆ ಒಂದು ದಿನ ಮಾಮಿ "ಈ ಜಾಯಿಂಟು ನನಗ್ಯಾಕೋ ಸಮಾಧಾನ ಇಲ್ಲ" ಅಂದು ತಾವೇ ಬಿಚ್ಚಿ ಮತ್ತೆ ಹಾಕಿದರು. ಮಾಮಾ ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು.

ಕೆಫೆಯ ಹುಡುಗಿಯನ್ನು ಕರೆಸಿ ಮಷೀನು ಚಾಲೂ ಮಾಡಿದೆವು. ಮುಕ್ಕಾಲು ಗಂಟೆಗೆ ಪ್ರೆಶರ್ ಮೀಟರಿನ ಮುಳ್ಳು ಏರಿತು, ಉಗಿ ಬಂತು, ಫ್ಯಾನು ತಿರುಗುತ್ತಲೇ ಇತ್ತು. ಕಾಫಿ ಹೊಮ್ಮಿದಾಗ ಹುಡುಗಿ ಮಾಮಿಯನ್ನು ತಬ್ಬಿಕೊಂಡು ನಿಂತಳು. ಸೆಕ್ರೆಟರಿ ಬಂದರು, ಎರಡು ಕಪ್ಪು ಕುಡಿದರು, ನೋಟಿಸು ಮರೆತು ಹೋದರು. ಮಾಮಿ ಒಂದು ಗುಟುಕು ಕುಡಿದು, "ಸುಟ್ಟ ಕಷಾಯ," ಅಂದರು. ಕಪ್ಪು ಮಾತ್ರ ಖಾಲಿ ಮಾಡಿದರು.

ಪಾರ್ಲೆಯಲ್ಲಿ ಕೌಂಟರು ತೆರೆದು ಮೂರು ವಾರವಾಗಿತ್ತು. ಒಂದು ಬೆಳಿಗ್ಗೆ ನಾನು ಮಾಮಾನ ಮನೆಯಲ್ಲಿದ್ದಾಗ ಹುಡುಗಿಯ ಫೋನು ಬಂತು. ಎಲ್ಲೋ ಹನಿ ಸೋರುತ್ತಿದೆಯಂತೆ, ಕಾಲೇಜಿನ ಮಕ್ಕಳು ಸಾಲು ನಿಂತಿದ್ದಾರಂತೆ.

"ಒಂದು ನಿಮಿಷ ತಡಿ ತಂಗಿ," ಅಂದರು ಮಾಮಾ, "ಮಿಸ್ತ್ರಿಗೆ ಕೊಡ್ತೀನಿ."

ಅಡಿಗೆಮನೆಯಲ್ಲಿ ಮಾಮಿ ಹಿಟ್ಟು ನಾದುತ್ತಿದ್ದರು. ಮಾಮಾ ಫೋನನ್ನು ಅವರ ಕಿವಿಗೆ ಹಿಡಿದರು. ಕೈ ನಡುಗಿ ಫೋನು ಮಾಮಿಯ ಕಿವಿಯೋಲೆಗೆ ಬಡಿಯುತ್ತಿತ್ತು. ಮಾಮಿ ಹಿಟ್ಟು ಮೆತ್ತಿದ ಕೈಯಿಂದಲೇ ಆ ಕೈಯನ್ನು ಕಿವಿಗೆ ಒತ್ತಿ ಹಿಡಿದುಕೊಂಡು ಕೇಳಿದರು:

"ಹೇಳವ್ವಾ, ಎಲ್ಲಿಂದ ಸೋರ್ತದ?"