ಒಂದು ಗಂಟೆಯ ಪ್ರೋಗ್ರಾಮು

ಎತ್ತರ, ತೂಕ, ಸಂಬಳ ಎಲ್ಲದರಲ್ಲೂ ನಡುವಿನವನಾದ್ದರಿಂದ ನೀರು ಸರಬರಾಜು ಕಚೇರಿಯಲ್ಲಿ ಅವನನ್ನು ‘ಸರಾಸರಿ’ ಎಂದೇ ಕರೆಯುತ್ತಿದ್ದರು. ಊರಿನ ಮೀಟರುಗಳ ಅಂಕಿಗಳನ್ನು ದಿನವೂ ಕಂಪ್ಯೂಟರಿಗೆ ಉಣಿಸಿ ಲೆಕ್ಕ ತೆಗೆಯುವುದು ಅವನ ಕೆಲಸ. ಪ್ರೋಗ್ರಾಮು ಅವನೇ ಬರೆದದ್ದು. ಅದರ ಭಾಷೆ ಸಾಲು ಸಾಲಾಗಿ ಓದಿಕೊಂಡು ಕೆಲಸ ಮಾಡುವಂಥದ್ದೆಂದು ಎಲ್ಲರ ನಂಬಿಕೆ. ಮಧ್ಯಾಹ್ನ ಶುರು ಮಾಡಿದರೆ ಮುಗಿಯಲು ಒಂದು ಗಂಟೆ ಬೇಕು.

ಆ ಒಂದು ಗಂಟೆಯಲ್ಲಿ ಅವನು ಯಾರಿಗೂ ತಿಳಿಯದಂತೆ ಎದುರಿನ ಆಸ್ಪತ್ರೆಗೆ ಓಡಿ, ಅಕ್ಕನಿಗೆ ಊಟ ಮಾಡಿಸಿ ಬರುತ್ತಿದ್ದ. ತಾಯಿಯಿಲ್ಲದ ಅವನನ್ನು ಸಾಕಿದವಳು ಅವಳು. ಈಗ ತಮ್ಮನ ಕೈಯಿಂದಲ್ಲದೆ ತುತ್ತು ಇಳಿಯುತ್ತಿರಲಿಲ್ಲ.

ಪಕ್ಕದ ಮೇಜಿನವನಿಗೆ ಊರ ಉಸಾಬರಿಯೆಲ್ಲ ಬೇಕು, ಹಾಗಾಗಿ ಅವನು ‘ಸಲಹೆಗಾರ’. ಅವತ್ತು ಬೆಳಿಗ್ಗೆ ಸಾಹೇಬರ ಎದುರೇ ಬಾಯಿಬಿಟ್ಟ.

“ಇದನ್ನ ಮೊದಲೇ ಕಂಪೈಲ್ ಮಾಡಿಟ್ರೆ, ಅಂದ್ರೆ ಪೂರ್ತಿ ಯಂತ್ರದ ಭಾಷೆಗೆ ತಿರುಗಿಸಿಟ್ರೆ, ಸಾರ್, ಸಾಲು ಸಾಲು ಓದೋ ಗೋಳೇ ಇರಲ್ಲ. ಕಣ್ಣುಮುಚ್ಚಿ ತೆಗೆಯೋದ್ರೊಳಗೆ ಮುಗಿಯುತ್ತೆ.”

ತನ್ನ ಒಂದು ಗಂಟೆ ಹೋಯಿತೆನಿಸಿತು ಸರಾಸರಿಗೆ. ಲೆಕ್ಕ ತಪ್ಪಿದರೆ ಯಾರು ಹೊಣೆ ಎಂದೆಲ್ಲ ತಡವರಿಸಿದ. ಸಾಹೇಬರು ಕೇಳಲಿಲ್ಲ. ಕೆಲಸ ಆಗುವ ತನಕ ಫೋನು ಡ್ರಾಯರಿನಲ್ಲಿರಲಿ, ಕುರ್ಚಿ ಬಿಟ್ಟು ಏಳಬೇಡ ಎಂದರು. ಅಕ್ಕನ ವಿಷಯ ಹೇಳಿದರೆ ಇಷ್ಟು ದಿನ ಕದ್ದು ಹೋದದ್ದೂ ಬಯಲಾಗುತ್ತದೆಂದು ಅವನು ಬಾಯಿಗೆ ಬೀಗ ಹಾಕಿಕೊಂಡ.

ಮೊದಲ ಸಲ ಯಂತ್ರ ಸ್ತಬ್ಧವಾಯಿತು. ಎರಡನೇ ಸಲ ಅಂಕಿಗಳೆಲ್ಲ ಸೊನ್ನೆಯಾಗಿ, ಇಡೀ ಊರೇ ತೊಟ್ಟು ನೀರು ಮುಟ್ಟಿಲ್ಲವೆಂದು ಲೆಕ್ಕ ಬಂತು. ಸಲಹೆಗಾರ ಬೆವರು ಒರೆಸಿಕೊಂಡು ಹೊಸ ಸಲಹೆ ಕೊಟ್ಟ. ಸರಾಸರಿ ಮಾತ್ರ ಕಿಟಕಿಯಾಚೆಯ ಆಸ್ಪತ್ರೆಯನ್ನೇ ನೋಡುತ್ತ, ಇದು ನಿಧಾನವಾಗಿಯೇ ಇರಲಪ್ಪ ದೇವರೇ ಎಂದು ಬೇಡಿಕೊಳ್ಳುತ್ತಿದ್ದ. ಊಟದ ಹೊತ್ತು ಮೀರಿತು.

ಕೊನೆಗೆ ಕಂಪೈಲ್ ಆಯಿತು. ಸಾಹೇಬರು ಗಡಿಯಾರ ಹಿಡಿದು ನಿಂತರು. ಮುಗಿಯಲು ಹಿಡಿದದ್ದು ಅದೇ ಒಂದು ಗಂಟೆ! ಬೆಟ್ಟ ಅಗೆದು ಇಲಿ ಹಿಡಿದಂತಾಯಿತು. ಸಲಹೆಗಾರ ಎಲ್ಲೋ ಓದಿ ನೋಡಿ, ಈ ಭಾಷೆ ಎಷ್ಟೋ ವರ್ಷಗಳಿಂದ ಓಡುವಾಗಲೇ ತನ್ನಷ್ಟಕ್ಕೆ ತಾನೇ ಕಂಪೈಲ್ ಮಾಡಿಕೊಳ್ಳುತ್ತಿದೆ, ನಾವು ಮಾಡಿ ಪ್ರಯೋಜನವಿಲ್ಲ ಎಂದು ತಾನೇ ಕಂಡುಹಿಡಿದವನಂತೆ ಸಾರಿದ. ಇದರ ಅಂಕಿ ನಂಬಲಾಗದು, ಹಳೆಯದನ್ನೇ ಇನ್ನೊಮ್ಮೆ ಓಡಿಸಿ ಲೆಕ್ಕ ಕೊಡು, ಇನ್ನು ಅದನ್ನು ಯಾರೂ ಮುಟ್ಟಬೇಡಿ ಎಂದು ಸಾಹೇಬರು ಗೊಣಗಿ ಹೋದರು.

ಸರಾಸರಿಗೆ ಹೋದ ಜೀವ ಬಂದಂತಾಯಿತು. ಅವನ ಗಂಟೆ ಉಳಿದಿತ್ತು. ಪ್ರೋಗ್ರಾಮು ಶುರು ಮಾಡಿ ಓಡಿದ.

ಅಕ್ಕನ ಮಂಚ ಖಾಲಿಯಿತ್ತು. ಹಾಸಿಗೆ ಸುತ್ತುತ್ತಿದ್ದ ನರ್ಸ್ ಅವನ ಮುಖ ನೋಡದೆ ಹೇಳಿದಳು.

“ಇನ್ನು ಮಾಡೋದೇನಿಲ್ಲ, ಮನೆಗೆ ಕರ್ಕೊಂಡು ಹೋಗಿ ಅಂದ್ರು ಡಾಕ್ಟ್ರು. ನಿಮ್ಮ ಭಾವ ಫೋನ್ ಮಾಡೀ ಮಾಡೀ ಸಾಕಾಗಿ, ಅವರೂರಿಗೆ ಕರ್ಕೊಂಡು ಹೋದ್ರು. ತಮ್ಮ ಬರ್ತಾನೆ ಅಂತ ನಿಮ್ಮಕ್ಕ ತಟ್ಟೆನೇ ಮುಟ್ಟಲಿಲ್ಲ.”

ಅವನು ಆ ಖಾಲಿ ಮಂಚದ ಮೇಲೆ ಕೂತು ಅತ್ತ. ಆಮೇಲೆ ನೆನಪಾಯಿತು: ಅಕ್ಕನ ಊರಿಗೆ ಸಂಜೆ ಒಂದು ಬಸ್ಸಿದೆ, ಕೊನೆಯದು.

ಕಚೇರಿಗೆ ಬಂದರೆ ಪ್ರೋಗ್ರಾಮು ಇನ್ನೂ ಅರ್ಧದಲ್ಲಿತ್ತು. ಲೆಕ್ಕ ಕೈಗೆ ಬರದೆ ಸಾಹೇಬರು ಬಿಡುವವರಲ್ಲ. ಬಸ್ಸು ಹೊರಡುವ ಹೊತ್ತಾಗುತ್ತಿತ್ತು. ಅವನು ಪಕ್ಕದ ಮೇಜಿಗೆ ಬಾಗಿದ.

“ಇದನ್ನ ಬೇಗ ಮುಗಿಸೋಕೆ ಬೇರೆ ಏನಾದ್ರೂ ದಾರಿ ಇದೆಯೇನಪ್ಪಾ?”

ಸಲಹೆಗಾರ ಗಡಿಯಾರ ನೋಡಿ, “ಇದನ್ನ ಯಾರೂ ಮುಟ್ಟಬೇಡಿ ಅಂದಿದ್ದಾರಲ್ಲಪ್ಪಾ ಸಾಹೇಬ್ರು” ಎಂದ.