ತಾತನ ಕಾರಿನಲ್ಲಿ ಕೋಟೆಗೆ

ಹಳೆಯದಕ್ಕೆ ಮರ್ಯಾದೆ ಕೊಡದವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಇದನ್ನು ನಾನು ಸಂಸ್ಕಾರ ಎನ್ನುತ್ತೇನೆ. ನನ್ನ ಹೆಂಡತಿ ಶಿವಗಂಗೆ ರಕ್ತದೊತ್ತಡ ಎನ್ನುತ್ತಾಳೆ. ಅರಸೀಕೆರೆಯ ನಮ್ಮ ಕೊಬ್ಬರಿ ಮಂಡಿಯ ಹಿಂದಿನ ಷೆಡ್ಡಿನಲ್ಲಿ ತಾತನ ಕಾಲದ ಕರಿ ಕಾರೊಂದಿದೆ. ಅದನ್ನು ಗುಜರಿಗೆ ಹಾಕಿ ಎಂದು ಸಲಹೆ ಕೊಟ್ಟ ಷಡ್ಡಕನ ಮನೆಗೆ ನಾನು ಎರಡು ವರ್ಷ ಹೋಗಲಿಲ್ಲ. ಅವನೂ ಕರೆಯಲಿಲ್ಲ ಎನ್ನುವುದು ಬೇರೆ ಮಾತು.

ಕಾರಿಗೆ ಇಂಜಿನ್ ಇದೆ, ಹಾರ್ನ್ ಇದೆ, ಹ್ಯಾಂಡ್‌ಬ್ರೇಕ್ ಮಾತ್ರ ತಾತನ ಜೊತೆಗೇ ಹೋಯಿತು. ಗೇರಿನಲ್ಲಿ ಬಿಟ್ಟರೂ ಇಳಿಜಾರು ಕಂಡರೆ ಅದಕ್ಕೆ ತಡೆಯಲಾಗುವುದಿಲ್ಲ. ಎಲ್ಲಿ ನಿಲ್ಲಿಸಿದರೂ ಚಕ್ರಕ್ಕೆ ಕಲ್ಲು ಕೊಡಬೇಕು. ಅದಕ್ಕೆಂದೇ ತಾತ ಗೊತ್ತು ಮಾಡಿಟ್ಟ ಕಲ್ಲೊಂದು ಕಾರು ಓಡುವಾಗೆಲ್ಲ ಡಿಕ್ಕಿಯಲ್ಲಿ ಗೋಣಿಚೀಲದ ಮೇಲೆ ಮಲಗಿರುತ್ತದೆ. ಆಯುಧಪೂಜೆಯ ದಿನ ಕಾರಿಗೆ ವಿಭೂತಿ ಹಚ್ಚಿದ ಕೈಯಲ್ಲೇ ಆ ಕಲ್ಲಿಗೂ ಮೂರು ಬೆರಳು ಎಳೆಯುವುದು ನಮ್ಮ ಮನೆಯ ಪದ್ಧತಿ. ಗ್ರೀಸು, ಧೂಳು, ವಿಭೂತಿ ಎಲ್ಲ ಸೇರಿ ಅದರ ನಿಜವಾದ ಬಣ್ಣ ಯಾವುದೆಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಕಳೆದ ಭಾನುವಾರ ಈ ಕಾರಿನಲ್ಲಿ ಹಳೇಬೀಡಿನ ಕೋಟೆ ನೋಡಲು ಹೊರಟೆವು. ಕೋಟೆಯೇ? ಹೌದು ಸ್ವಾಮಿ, ಕೋಟೆ! ಹಳೇಬೀಡಿಗೆ ಬಂದವರೆಲ್ಲ ದೇವಸ್ಥಾನ ಸುತ್ತಿ, ಎಳನೀರು ಕುಡಿದು ಬಸ್ಸು ಹತ್ತುತ್ತಾರೆ. ಹೊಯ್ಸಳರ ರಾಜಧಾನಿಯನ್ನು ಕಾದ ಕೋಟೆಗೋಡೆ ಪೊದೆಗಳ ನಡುವೆ ಬಿದ್ದಿದೆ, ಅತ್ತ ಕಡೆ ತಿರುಗಿ ನೋಡುವವರಿಲ್ಲ. ಶಿವಗಂಗೆಗೂ ಬೇಕಿದ್ದದ್ದು ಬೇಲೂರು. ಮಧ್ಯಾಹ್ನಕ್ಕೆ ಅಲ್ಲಿಗೆ ಮುಟ್ಟಿಸುತ್ತೇನೆಂದು ಮಾತು ಕೊಟ್ಟ ಮೇಲೆಯೇ ರೊಟ್ಟಿ, ಹುಚ್ಚೆಳ್ಳು ಚಟ್ನಿ ಕಟ್ಟಿಕೊಂಡು ಕಾರು ಹತ್ತಿದಳು.

ಜಾವಗಲ್ಲಿನಲ್ಲಿ ಒಮ್ಮೆ ಕುದಿದ ರೇಡಿಯೇಟರ್ ಕೋಟೆಯ ಹತ್ತಿರ ಮತ್ತೆ ಕುದಿಯಿತು. ಇಳಿಜಾರಿನಲ್ಲೇ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಟ್ಟು, ನೀರು ಕೇಳಲು ಕೋಟೆಗೋಡೆಗೆ ಆತುಕೊಂಡಿದ್ದ ಮನೆಯ ಹಿತ್ತಲಿಗೆ ಹೋದೆ. ಅಲ್ಲಿ ಸಣ್ಣಮ್ಮ ಎಂಬ ಹೆಂಗಸು ಬಟ್ಟೆ ಒಗೆಯುತ್ತಿದ್ದಳು. ಒಗೆಯುವ ಕಲ್ಲಿನ ಅಂಚಿಗೆ ಸಾಲಾಗಿ ತಾವರೆ ಎಸಳಿನ ಕೆತ್ತನೆ! ನನ್ನ ನೆತ್ತಿ ರೇಡಿಯೇಟರಿಗಿಂತ ಜೋರಾಗಿ ಕುದಿಯಿತು.

“ಏನಮ್ಮಾ, ರಾಜರ ಕೋಟೆ ಕಲ್ಲಿನ ಮೇಲೆ ಚಡ್ಡಿ ಒಗೀತಿದೀಯಲ್ಲ, ನಿನಗೇನೂ ಅನ್ಸಲ್ವಾ?”

“ಅನ್ಸೋದೇನ್ ಯಜಮಾನ್ರೇ, ನಮ್ಮತ್ತೆ ಕಾಲ್ದಿಂದ್ಲೂ ಇಲ್ಲೇ ಐತೆ. ಕೊಳೆ ಸಂದಾಗಿ ಬುಡ್ತದೆ.”

ನಾನು ಬಿಡಲಿಲ್ಲ. ಪೂರ್ವಿಕರು, ಪರಂಪರೆ, ಮುಂದಿನ ಪೀಳಿಗೆ ಎಲ್ಲವನ್ನೂ ಅವಳ ಮುಂದೆ ಸುರಿದೆ. ಈಗಿಂದೀಗಲೇ ಕಲ್ಲನ್ನು ಗೋಡೆಗೆ ಒಪ್ಪಿಸು ಎಂದು ಕೂಗಾಡಿದೆ. ಅವಳು ಸೀರೆ ಹಿಂಡುತ್ತಾ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ನೀರಿನ ಬಿಂದಿಗೆ ಎತ್ತಿಕೊಂಡು ಕಾರಿನ ತನಕ ಬಂದವಳು ಚಕ್ರದ ಬಳಿ ಬಗ್ಗಿದಳು.

“ಇದ್ಯಾವೂರ ಕಲ್ಲು?”

“ಅದು ನಮ್ಮ ತಾತಂದು!” ಎಂದೆ, ಎದೆಯುಬ್ಬಿಸಿ.

ಅವಳು ಒಗೆಯುವ ಬ್ರಷ್ಷು, ಸೋಪು ತಂದು ನಾಲ್ಕು ಸಲ ಗಸಗಸ ತಿಕ್ಕಿ ನೀರು ಹೊಯ್ದಳು. ಮೂರು ತಲೆಮಾರಿನ ಜಿಡ್ಡಿನೊಳಗಿಂದ ತಾವರೆ ಎಸಳುಗಳು ಒಂದೊಂದಾಗಿ ಹೊರಬಂದವು. ಅವೇ ಎಸಳು, ಅದೇ ಅಳತೆ. ಹೆಂಡತಿಗೆ ನೆನಪಾಯಿತು: “ತಾತ ಹಳೇಬೀಡಿಗೆ ಬಂದಿದ್ದಾಗ ಕಾರು ಜಾರಿತ್ತು ಅಂತ ಮಾವನವರು ಹೇಳ್ತಿರಲಿಲ್ವೇನ್ರೀ?”

“ನೀವು ನಿಮ್ದು ಗೋಡೆ ಮ್ಯಾಲೆ ಇಡಿ ಯಜಮಾನ್ರೇ, ನಾನೂ ನಂದು ಇಡ್ತೀನಿ,” ಎಂದಳು ಸಣ್ಣಮ್ಮ.

ಮರ್ಯಾದೆಯ ಪ್ರಶ್ನೆ. ಹಿಂದೆಮುಂದೆ ನೋಡದೆ ಕಲ್ಲನ್ನು ಎರಡೂ ಕೈಯಲ್ಲೆತ್ತಿ, ನಡೆದು ಹೋಗಿ, ಗೋಡೆಯ ಮೇಲೆ ಭಕ್ತಿಯಿಂದ ಇಟ್ಟೆ. ಕೈ ಮುಗಿಯುವಷ್ಟರಲ್ಲಿ ಹಿಂದಿನಿಂದ “ರೀ! ಕಾರು!” ಎಂದು ಶಿವಗಂಗೆ ಕಿರುಚಿದಳು. ತಾತನ ಕಾರು ಸಣ್ಣಮ್ಮನ ಮನೆಯ ಕಡೆಗೆ ಸದ್ದಿಲ್ಲದೆ ಹೊರಟಿತ್ತು. ನಾನು ಒಪ್ಪಿಸಿದ ಕಲ್ಲನ್ನು ನಾನೇ ಕಿತ್ತುಕೊಂಡು ಓಡಿ ಚಕ್ರದಡಿಗೆ ಎಸೆದೆ. ಒಣಹಾಕಿದ್ದ ಬಟ್ಟೆಗೆ ಒಂದು ಗೇಣು ಈಚೆಗೆ ಕಾರು ನಿಂತಿತು.

ಸಣ್ಣಮ್ಮ ನನ್ನನ್ನೂ ಕಲ್ಲನ್ನೂ ನೋಡಿದಳು. “ಓಗ್ಲಿ ಬುಡಿ. ಇಬ್ರೂ ಇನ್ನೊಂದ್ಸಲ ಇಡಾನ,” ಎಂದು ಬಟ್ಟೆ ಒಗೆಯಲು ಕೂತಳು. ನಾನು ರೇಡಿಯೇಟರಿಗೆ ನೀರು ಹೊಯ್ದು, ಕಲ್ಲನ್ನು ಡಿಕ್ಕಿಗೆ ಹಾಕಿಕೊಂಡು ಬೇಲೂರಿಗೆ ಹೊರಟೆ.

ಬೇಲೂರಿನಲ್ಲಿ ಯಾರೋ ಕೆತ್ತನೆಯ ಕಂಬಕ್ಕೆ ಒರಗಿ ಕಡಲೆಕಾಯಿ ತಿನ್ನುತ್ತಿದ್ದರು. “ಏನ್ರೀ, ಬೈಯಲ್ವಾ?” ಎಂದು ಹೆಂಡತಿ ಕೇಳಿದಳು. ಬಿಸಿಲು ಜಾಸ್ತಿ ಎಂದೆ.

ಕಲ್ಲು ಈಗಲೂ ಷೆಡ್ಡಿನಲ್ಲಿ ಚಕ್ರಕ್ಕೆ ಕೊಟ್ಟೇ ಇದೆ. ಹ್ಯಾಂಡ್‌ಬ್ರೇಕ್ ರಿಪೇರಿಯಾದ ಮರುದಿನವೇ ಒಪ್ಪಿಸಿ ಬರುವುದೆಂದು ತೀರ್ಮಾನಿಸಿದ್ದೇನೆ. ಮೆಕ್ಯಾನಿಕ್‌ಗೆ ಇನ್ನೂ ಹೇಳಿಲ್ಲ. ಅಷ್ಟರಲ್ಲಿ ಆಯುಧಪೂಜೆ ಬಂದರೆ ಈ ಸಲ ಮೂರು ಬೆರಳು ಸಾಲದು. ಎಸಳು ಕಾಣದಷ್ಟು ವಿಭೂತಿ ಬಳಿಯಬೇಕೆಂದಿದ್ದೇನೆ.