ನಾಲ್ಕು ನಿಮಿಷ ಬಿಸಿ, ಎರಡು ನಿಮಿಷ ತಂಪು

ಕಾರು ನನ್ನ ಕೈಗೆ ಬಂದದ್ದು ಡಿಸೆಂಬರಿನ ಒಂದು ಸಾಧಾರಣ ಗುರುವಾರ. ಅಂದು ಒಂಬತ್ತನೇ ತರಗತಿಗೆ ಶಂಕುವಿನ ಘನಫಲ ಹೇಳಿಕೊಟ್ಟು, ಹಂಗಾರಕಟ್ಟೆಯ ಶಾಲೆಯಿಂದ ತಲ್ಲೂರಿಗೆ ಸ್ಕೂಟರಿನಲ್ಲಿ ಬಂದು, ಕಾಲು ತೊಳೆಯುತ್ತಿದ್ದೆ. ಪಕ್ಕದ ಮನೆಯಿಂದ ತಮ್ಮನ ಹೆಂಡತಿ ಬಂದು ಕಟ್ಟೆಯ ಮೇಲೆ ಕೀ ಇಟ್ಟಳು.

“ಬಾವ, ಇದನ್ನ್ ಮಾರಿ ಕೊಡಿ. ಕಣ್ಣೆದ್ರಿಗೆ ಇದ್ರೆ ನಂಗೆ ಅನ್ನ ಇಳಿತಿಲ್ಲೆ.”

ತಮ್ಮ ತೀರಿಕೊಂಡು ಆಗ ನಾಲ್ಕು ತಿಂಗಳು. ಬೈಂದೂರಿನಲ್ಲಿ ಗ್ಯಾರೇಜು ನಡೆಸುತ್ತಿದ್ದ. ಊರಿನವರ ಕಾರು ರಿಪೇರಿ ಮಾಡಿ ಉಳಿದ ಹೊತ್ತಿನಲ್ಲಿ ತನ್ನ ಕಾರನ್ನು ಕೆಡಿಸುತ್ತಿದ್ದ, ಹಾಗೆಂದು ನಾನು ಹೇಳುತ್ತಿದ್ದೆ. ಮೊದಲೇ ಟರ್ಬೊ, ಅಂದರೆ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಯಂತ್ರ, ಇದ್ದ ಕಾರು. ಅದರ ಕಂಪ್ಯೂಟರಿನ ಲೆಕ್ಕ ಬದಲಿಸಿ, ಕಂಪನಿ ಹೇಳಿದ್ದಕ್ಕಿಂತ ಹೆಚ್ಚು ಗಾಳಿ, ಹೆಚ್ಚು ಪೆಟ್ರೋಲು ಕುಡಿಯುವಂತೆ ಮಾಡಿದ್ದ. ಸೈಲೆನ್ಸರನ್ನೂ ಬದಲಿಸಿದ್ದ.

ಗ್ಯಾರೇಜಿನ ಮೇಸ್ತ್ರಿಯನ್ನು ಕೇಳಿದೆ. “ಶಿರೂರಿನವ್ರ್ ಒಬ್ರ್ ಜನವರಿಯಲ್ಲಿ ಕಾಂಬುಕೆ ಬತ್ರ್, ಮಾಷ್ಟ್ರೇ. ಅಲ್ಲಿವರೆಗೆ ನಿಲ್ಸಿಟ್ರೆ ಹಾಳಾತ್ತ್. ನೀವೇ ದಿನಾ ಶಾಲಿಗೆ ಓಡ್ಸಿ” ಎಂದ.

ಬಾಗಿಲು ತೆಗೆದು ನೋಡಿದರೆ ಸ್ಟೇರಿಂಗಿನ ಪಕ್ಕ ತಮ್ಮನ ಅಕ್ಷರದ ಒಂದು ಚೀಟಿ ಅಂಟಿಕೊಂಡಿತ್ತು. ಚಳಿಗಾಲದಲ್ಲಿ ಸ್ಟಾರ್ಟ್ ಮಾಡಿ ನಾಲ್ಕು ನಿಮಿಷ ಕಾಯಬೇಕು. ಬಿಸಿ ತೋರಿಸುವ ಮುಳ್ಳು ನಡುವಿಗೆ ಬರುವ ಮೊದಲು ಎಕ್ಸಿಲರೇಟರು ಒತ್ತಬಾರದು. ನಿಲ್ಲಿಸುವ ಮೊದಲು ಎರಡು ನಿಮಿಷ ಸುಮ್ಮನೆ ಓಡಲು ಬಿಡಬೇಕು. ಚಳಿಗೆ ಎಣ್ಣೆ ಗಟ್ಟಿಯಾಗಿರುತ್ತದೆ, ಅದು ಹರಿಯುವ ಮೊದಲು ಆತುರಪಟ್ಟರೆ ಟರ್ಬೊ ಹೋಗುತ್ತದೆ ಎಂದು ಮೇಸ್ತ್ರಿ ವಿವರಿಸಿದ. ನಮ್ಮಲ್ಲಿ ಚಳಿ ಎಂದರೆ ಇಪ್ಪತ್ತು ಡಿಗ್ರಿ. ಆದರೂ ಚೀಟಿಯಲ್ಲಿ ಬರೆದದ್ದನ್ನು ಬರೆದಂತೆ ಮಾಡುವವನು ನಾನು. ಒಂದು ಸೆಕೆಂಡೂ ಹೆಚ್ಚುಕಡಿಮೆ ಮಾಡಲಿಲ್ಲ.

ಆಮೇಲೆ ನಡೆದದ್ದಕ್ಕೆಲ್ಲ ಕಾರಣ ಆ ಚೀಟಿ ಮತ್ತು ಆ ಕಾರು. ಒಂದು ಮುಗಿಯಿತು ಎನ್ನುವಾಗ ಇನ್ನೊಂದು ಶುರುವಾಗುತ್ತಿತ್ತು.

ಹಿಂದಿನ ಸೀಟಿನ ವಾಚನಾಲಯ

ಹತ್ತನೆಯವರಿಗೆ ಬೆಳಿಗ್ಗೆ ವಿಶೇಷ ತರಗತಿ ಇತ್ತು. ಆರು ಗಂಟೆಗೆಲ್ಲ ಅಂಗಳದಲ್ಲಿ ಕಾರು ಸ್ಟಾರ್ಟ್ ಮಾಡಿ, ಗಡಿಯಾರ ನೋಡುತ್ತ ಒಳಗೆ ಕುಳಿತಿರುತ್ತಿದ್ದೆ. ಎದುರು ಮನೆಯವರು ಮುಂಬೈಯಲ್ಲಿ ನಲವತ್ತು ವರ್ಷ ಹೋಟೆಲು ನಡೆಸಿ ಬಂದ ಧಣಿ. ಮೊದಲ ದಿನ ಮಂಕಿ ಕ್ಯಾಪು ಹಾಕಿಕೊಂಡು ಗೇಟಿನ ಹತ್ತಿರ ಬಂದು ನೋಡಿ ಹೋದರು. ಎರಡನೇ ದಿನ ಕಿಟಕಿಗೆ ಬಡಿದರು.

“ಕ್ಯಾ ಹುವಾ, ಮಾಷ್ಟ್ರೇ? ಮನೆಯಿಂದ ಹೊರಗ್ ಹಾಕಿದ್ರಾ?”

“ಇಲ್ಲ, ಧಣಿ. ಎಂಜಿನ್ ಬಿಸಿಯಾಗಬೇಕು.”

“ಮತ್ತೆ ನೀವ್ ಎಂತಕೆ ಒಳಗ್ ಕೂಕಂಡಿದ್ರಿ? ಅದ್ ಅದರಷ್ಟಕ್ಕೇ ಬಿಸಿ ಆತಿಲ್ಯಾ?”

ನಾನು ಗಡಿಯಾರ ನೋಡಿದೆ, ಇನ್ನೂ ಒಂದು ನಿಮಿಷ ಬಾಕಿ ಇತ್ತು. ಮೂರನೇ ದಿನ ಅವರೇ ಹಿಂದಿನ ಬಾಗಿಲು ತೆಗೆದು ಕುಳಿತರು. “ಹೊರಗ್ ಚಳಿ, ಮಾರಾಯ್ರೆ. ಇಲ್ಲಿ ಬೆಚ್ಚಗಿತ್.” ನಾಲ್ಕನೇ ದಿನ ಪೇಪರು ತಂದರು. ಐದನೇ ದಿನ ಕಾಫಿ ಲೋಟವೂ ಬಂತು. ಎರಡನೇ ವಾರ ಹಾಲು ಹಾಕುವವನು ಅವರ ಮನೆ ಬಾಗಿಲಿಗೆ ಹೋಗುವುದನ್ನೇ ಬಿಟ್ಟು, ಹಾಲನ್ನು ಕಾರಿನ ಕಿಟಕಿಯಲ್ಲಿ ಕೊಡತೊಡಗಿದ.

ಒಂದು ದಿನ ನಾಲ್ಕು ನಿಮಿಷ ಮುಗಿದು ಗೇರು ಹಾಕಿದೆ. ಹಿಂದಿನಿಂದ ಧಣಿ ಕನ್ನಡಕ ತೆಗೆದು ಕೇಳಿದರು.

“ಒಂದ್ ಚೂರ್ ನಿಲ್ಸಿ, ಮಾಷ್ಟ್ರೇ. ಇನ್ನೂ ಕ್ರೀಡಾ ಪುಟ ಬಾಕಿ ಇತ್.”

ರಜೆ ಹಾಕುವ ನಾಗ

ನಮ್ಮ ಮನೆಯಿಂದ ಹೈವೇಗೆ ಹೋಗುವ ದಾರಿಯಲ್ಲಿ ನಾಗಬನದ ತಿರುವು ಇದೆ. ಅಲ್ಲಿ ಗೇರು ಬದಲಿಸಲೇಬೇಕು. ಗೇರು ಬದಲಿಸಲು ಕಾಲು ತೆಗೆದರೆ ಟರ್ಬೊದಲ್ಲಿ ಒತ್ತಿಕೊಂಡಿದ್ದ ಗಾಳಿ ಒಂದು ವಾಲ್ವಿನಿಂದ ಹೊರಗೆ ಬರುತ್ತದೆ. ಬರುವಾಗ ‘ಫುಸ್ಸ್’ ಎನ್ನುತ್ತದೆ. ಚಳಿಯ ಬೆಳಿಗ್ಗೆ ಗಾಳಿ ದಟ್ಟವಾಗಿರುವುದರಿಂದ ಅದು ಇನ್ನೂ ಉದ್ದ.

ತಿರುವಿನಲ್ಲಿ ಊರೆಲ್ಲ ಅಮ್ಮಮ್ಮ ಎಂದು ಕರೆಯುವ ಒಬ್ಬ ಅಜ್ಜಿಯ ಮನೆ. ಅವರಿಗೆ ಎಂಬತ್ತು ದಾಟಿದೆ. ಕಾರು ಮುಂದೆ ಹೋಗಿ ಮರೆಯಾದ ಮೇಲೆ ಶಬ್ದ ಮಾತ್ರ ಅವರ ಕಿವಿಯಲ್ಲಿ ಉಳಿಯುತ್ತಿತ್ತು. ನಾಗ ಮುನಿದು ಬುಸುಗುಡುತ್ತಿದ್ದಾನೆ ಎಂದು ಮನೆಯವರಿಗೆ ಹೇಳಿ ಬನದಲ್ಲಿ ತನು ಎರೆಸಿದರು. ನಾಗನ ಕಲ್ಲಿಗೆ ಹಾಲು, ಸಿಯಾಳ ಎಲ್ಲ ಆಯಿತು. ಮರುದಿನ ಬೆಳಿಗ್ಗೆ ಮತ್ತೆ ಫುಸ್ಸ್. ಪುರೋಹಿತರನ್ನು ಕರೆಸಿದರು. ಅವರು ತಿಥಿ ನೋಡಿದರು, ನಕ್ಷತ್ರ ನೋಡಿದರು, ಯಾವುದಕ್ಕೂ ತಾಳೆಯಾಗಲಿಲ್ಲ. ಅಮ್ಮಮ್ಮನೇ ಗಮನಿಸಿ ಹೇಳಿದರಂತೆ: ನಾಗ ಭಾನುವಾರ ಸುಮ್ಮನಿರುತ್ತಾನೆ, ಕ್ರಿಸ್‌ಮಸ್ ದಿನವೂ ಸುಮ್ಮನಿದ್ದ.

ವಿಷಯ ನನ್ನ ಕಿವಿಗೆ ಬಿದ್ದಾಗ ನಾಚಿಕೆಯಾಯಿತು. ಸಂಜೆ ಅವರ ಮನೆಗೆ ಹೋಗಿ ಒಂದು ಹಾಳೆಯಲ್ಲಿ ಚಿತ್ರ ಬರೆದು, ಬಾಣದ ಗುರುತು ಹಾಕಿ ವಿವರಿಸಿದೆ. ಅಮ್ಮಮ್ಮ ತಾಳ್ಮೆಯಿಂದ ಕೇಳಿದರು.

“ಅಂದ್ರೆ ಅದ್ ಒಳಗ್ ಉಸ್ರ್ ಕಟ್ಟಿ, ಮತ್ತೆ ಬಿಡ್ತ್, ಅಲ್ದಾ?”

“ಹೌದು, ಅಮ್ಮಮ್ಮ.”

“ಬಿಸಿ ಆಪುಕೆ ಕಾಯ್ಕ್ ಅಂಬ್ರ್?”

“ಕಾಯಬೇಕು.”

“ಓಡಿ ಬಂದ್ ಮೇಲೆ ಸುಧಾರಿಸ್ಕಂಬುಕೂ ಬಿಡ್ಕಾ?”

“ಎರಡು ನಿಮಿಷ.”

ಅಮ್ಮಮ್ಮ ಹಾಳೆಯನ್ನು ಮಡಚಿ ನನ್ನ ಕೈಗೆ ಕೊಟ್ಟರು. “ಹಾಂಗಾರೆ ಜೀವ ಇಪ್ಪುದೇ. ಜೀವ ಇಪ್ಪುದನ್ನ್ ಎಂತಕೆ ಮಾರ್ತ್ರಿ?”

ನಾನು ಹಾಳೆಯನ್ನು ಕಿಸೆಗೆ ಹಾಕಿಕೊಂಡು ಎದ್ದೆ. ಮರುದಿನದಿಂದ ತನು ನಿಂತಿತು. ಶಾಲೆಯಲ್ಲಿ ಇಳಿದು ನೋಡಿದರೆ ಬಾನೆಟ್ಟಿನ ಮೇಲೆ ಅರಿಶಿನ ಮೆತ್ತಿತ್ತು. ಓಡುತ್ತಿರುವ ಕಾರಿಗೆ ಅವರು ಅದನ್ನು ಹೇಗೆ ಹಚ್ಚಿದರು ಎಂಬುದು ನನಗೆ ಈಗಲೂ ಗೊತ್ತಿಲ್ಲ.

ಆರತಿಗೆ ಮೊದಲು ಹುಗ್ಗಿ

ಧನುರ್ಮಾಸದಲ್ಲಿ ನಮ್ಮ ಕಡೆಯ ದೇವಸ್ಥಾನಗಳಲ್ಲಿ ಸೂರ್ಯ ಹುಟ್ಟುವ ಮೊದಲೇ ಪೂಜೆ. ಪೂಜೆ ಮುಗಿದರೆ ಬಿಸಿ ಹುಗ್ಗಿ. ನನ್ನ ದಾರಿಯ ಒಂದು ದೇವಸ್ಥಾನದಲ್ಲಿ ಮಂಗಳಾರತಿ ಆದಾಗ ಕದಿನ ಹೊಡೆಯುತ್ತಾರೆ, ಅಂದರೆ ಕಬ್ಬಿಣದ ಕೊಳವೆಗೆ ಮದ್ದು ತುಂಬಿ ಸಿಡಿಸುತ್ತಾರೆ. ಕದಿನ ಕೇಳಿದ ಕೂಡಲೇ ಜನ ಎಲೆ ಹಿಡಿದು ಸಾಲಾಗಿ ಕೂರುತ್ತಾರೆ. ಒಳಗೆ ನೋಡುವ ಅಗತ್ಯವಿಲ್ಲ. ಅದೇ ಪದ್ಧತಿ.

ಅಂದು ದೇವಸ್ಥಾನದ ಮುಂದೆ ರಸ್ತೆಯ ಉಬ್ಬು ಕಂಡು ಗಕ್ಕನೆ ಕಾಲು ತೆಗೆದೆ. ತಮ್ಮ ಬದಲಿಸಿದ ಸೈಲೆನ್ಸರು ಮೂರು ಸಲ ಸಿಡಿಯಿತು. ಢಂ, ಢಂ, ಢಂ. ನಾನು ನನ್ನ ಪಾಡಿಗೆ ಶಾಲೆಗೆ ಹೋದೆ.

ಹಿಂದೆ ನಡೆದದ್ದನ್ನು ಸಂಜೆ ಕೇಳಿದೆ. ಜನ ಎಲೆ ಹಾಕಿ ಕುಳಿತರು. ಬಡಿಸುವವರು ಪದ್ಧತಿಯಂತೆ ಬಡಿಸಿದರು. ಅರ್ಚಕರು ಮಂಗಳಾರತಿ ಹಿಡಿದು ಹೊರಗೆ ಬಂದರೆ ಕೈಮುಗಿಯಲು ಒಬ್ಬರಿಗೂ ಕೈ ಖಾಲಿ ಇರಲಿಲ್ಲ. ಎರಡನೇ ಸಾಲಿನ ಒಬ್ಬರು ಮಾತ್ರ ಎಡಗೈಯಲ್ಲಿ ಆರತಿ ತೆಗೆದುಕೊಂಡು, ಬಲಗೈಯಲ್ಲಿ ಇನ್ನೊಂದು ಸೌಟು ಕೇಳಿದರಂತೆ.

ಮರುದಿನ ಕ್ಷಮೆ ಕೇಳಲು ಕಾರು ನಿಲ್ಲಿಸಿದೆ. ಎರಡು ನಿಮಿಷ ಕಾಯಬೇಕಾದ್ದರಿಂದ ಒಳಗೇ ಕುಳಿತಿದ್ದೆ. ದೇವಸ್ಥಾನದ ಮೇನೇಜರರೇ ಶಾಲು ಹೊದ್ದುಕೊಂಡು ಬಂದರು.

“ತಪ್ಪಾಯಿತು. ನಾಳೆಯಿಂದ ಬೇರೆ ದಾರಿಯಲ್ಲಿ ಹೋಗುತ್ತೇನೆ” ಎಂದೆ.

“ಹ್ವಾಯ್, ಬ್ಯಾಡ ಮಾಷ್ಟ್ರೇ” ಎಂದರು. “ಕದಿನ ಹೊಡುವವ್ನಿಗೆ ಈ ಚಳಿಗೆ ಏಳುಕಾತಿಲ್ಲೆ. ನೀವೇ ಒಂದ್ ಹತ್ತ್ ನಿಮಿಷ ತಡ ಮಾಡಿ ಬನಿ.”

ಶಿರೂರಿನಿಂದ ಬಂದವರು

ಜನವರಿಯ ಎರಡನೇ ಭಾನುವಾರ ಶಿರೂರಿನವರು ಬಂದರು. ಕಾರು ಬೇಕಾಗಿದ್ದ ಯುವಕ, ಜೊತೆಗೆ ಅವನ ಸೋದರಮಾವ. ತಮ್ಮನ ಹೆಂಡತಿ ಕಾಗದಪತ್ರದ ಫೈಲು ತಂದು ಜಗಲಿಯಲ್ಲಿ ಇಟ್ಟಿದ್ದಳು. ಎಲ್ಲ ಸಿದ್ಧವಾಗಿತ್ತು. ಕೀ ಕೊಡುವುದೊಂದೇ ಬಾಕಿ.

ಕೊಡುವ ಮೊದಲು ನಿಯಮ ಹೇಳುವುದು ನನ್ನ ಕರ್ತವ್ಯ ಎಂದು ಚೀಟಿಯಲ್ಲಿದ್ದದ್ದನ್ನೂ ಮೇಸ್ತ್ರಿ ಹೇಳಿದ್ದನ್ನೂ ಒಂದೊಂದಾಗಿ ಹೇಳಿದೆ. ಬೆಳಿಗ್ಗೆ ಬೆಚ್ಚಗಾಗಲು ಬಿಡಬೇಕು. ಕೂಡಲೇ ಓಡಿಸಬಾರದು. ಒಳ್ಳೆಯ ಎಣ್ಣೆಯನ್ನೇ ಹಾಕಬೇಕು. ಓಡಿ ಬಂದ ಮೇಲೆ ವಿಶ್ರಾಂತಿ ಕೊಡಬೇಕು. ಸೋದರಮಾವ ಚಾ ಕುಡಿಯುವುದನ್ನು ನಿಲ್ಲಿಸಿದರು.

“ಮಾಷ್ಟ್ರೇ, ನೀವ್ ಮಾರುದ್ ಕಾರನ್ನಾ, ಬಾಣಂತಿಯನ್ನಾ?”

ಯುವಕ ನಕ್ಕು, ಕಾರಿನಲ್ಲಿ ಕುಳಿತು, ಸ್ಟಾರ್ಟ್ ಮಾಡಿದವನೇ ಪೂರ್ತಿ ಒತ್ತಿದ. ಕಾರು ಕಿರುಚಿತು. ನಾನು ಬಾಯಿ ತೆರೆಯುವ ಮೊದಲೇ ತಮ್ಮನ ಹೆಂಡತಿ ಅಂಗಳದಲ್ಲಿದ್ದಳು.

“ಹ್ವಾಯ್, ಇಳಿನಿ. ನಾಲ್ಕ್ ನಿಮಿಷ ಆಯ್ಲಿಲ್ಲೆ.”

ಅವನು ಗಾಬರಿಯಾಗಿ ಇಳಿದ. ಅವಳು ಅದೇ ಸೀಟಿನಲ್ಲಿ ಕುಳಿತು ಬಾಗಿಲು ಹಾಕಿಕೊಂಡಳು. ಎಂಜಿನ್ ಮೆಲ್ಲಗೆ ಓಡುತ್ತಿತ್ತು. ಶಬ್ದ ಕೇಳಿ ಧಣಿ ಪೇಪರು ಹಿಡಿದು ಬಂದು, ಯಾರನ್ನೂ ಕೇಳದೆ ಹಿಂದೆ ಕುಳಿತರು.

ನಾಲ್ಕು ನಿಮಿಷವಾಯಿತು. ಹತ್ತಾಯಿತು. ಸೋದರಮಾವ ಕಿಟಕಿಯ ಹತ್ತಿರ ಬಗ್ಗಿದರು.

“ಅಮ್ಮ, ಕಾರ್ ಕೊಡುದ್ ಹೌದಲೆ?”

“ಕೊಡುದ್ ಹೌದ್. ಬಿಸಿ ಆಯ್ಕ್.”

“ಬಿಸಿಲ್ ಬಂತಲೆ.”

“ಇವತ್ ಚಳಿ ಜಾಸ್ತಿ” ಎಂದಳು. ಹಿಂದಿನಿಂದ ಧಣಿ, “ಬಹುತ್ ಜಾಸ್ತಿ” ಎಂದು ಮಂಕಿ ಕ್ಯಾಪನ್ನು ಕಿವಿಯವರೆಗೆ ಎಳೆದುಕೊಂಡರು. ನನ್ನ ಮೊಬೈಲಿನಲ್ಲಿ ಇಪ್ಪತ್ತೊಂಬತ್ತು ಡಿಗ್ರಿ ಇತ್ತು.

ಅರ್ಧ ಗಂಟೆಯಾದ ಮೇಲೆ ಸೋದರಮಾವ ನನ್ನ ಕಡೆ ತಿರುಗಿದರು. “ನೀವ್ ಮಾಷ್ಟ್ರ್. ಸುಳ್ಳ್ ಹೇಳುದಿಲ್ಲೆ. ನೀವೇ ಕಂಡ್ ಹೇಳಿ, ಬಿಸಿ ಆಯ್ತಾ?”

ನಾನು ಕನ್ನಡಕ ಒರೆಸಿಕೊಂಡು ಕಿಟಕಿಯಿಂದ ಬಗ್ಗಿ ನೋಡಿದೆ. ಮುಳ್ಳು ಸರಿಯಾಗಿ ನಡುವಿನಲ್ಲಿತ್ತು. ತಮ್ಮನ ಹೆಂಡತಿ ನನ್ನ ಮುಖ ನೋಡದೆ, ಎರಡೂ ಕೈಯಲ್ಲಿ ಸ್ಟೇರಿಂಗು ಹಿಡಿದು ಕುಳಿತಿದ್ದಳು.

“ಇನ್ನೂ ಆಗಲಿಲ್ಲ” ಎಂದೆ.

ಮಾವ ಅಳಿಯ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಶಿರೂರಿಗೆ ಹೋಗುವ ಬಸ್ಸಿನ ಹೊತ್ತನ್ನು ಧಣಿಯ ಹತ್ತಿರ ಕೇಳಿ ಹೊರಟುಹೋದರು. ಅವರು ಗೇಟು ದಾಟಿದ ಮೇಲೂ ಅವಳು ಇಳಿಯಲಿಲ್ಲ. ಧಣಿ ಪುಟ ತಿರುಗಿಸುತ್ತ, “ಎಲ್ಲಿಗೆ ಹೋಪ, ಅಮ್ಮ?” ಎಂದರು.

“ಕಾಂಬ, ಮೊದ್ಲ್ ಬಿಸಿ ಆಯ್ಲಿ” ಎಂದಳು.

ಅವಳಿಗೆ ಕಾರು ಬಿಡಲು ಬರುವುದಿಲ್ಲ.